ಬಿ. ಎ. ಓದುವವನಿಗೆ ರಾಕೆಟ್ಟೇಕೆ?

ಕಳೆದ ಏಳೆಂಟು ತಿಂಗಳಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳದವರೇ ವಿರಳ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರರು ಕೇಳಿದ್ದಾರೆ. ತರಗತಿಯ ಗೆಳೆಯರು ಕೇಳಿದ್ದಾರೆ. ಮನೆಯಲ್ಲಿ ಅವ್ವ ಕೇಳಿದ್ದಾಳೆ. ಗೌರವಾನ್ವಿತ ಅಧ್ಯಾಪಕರೊಬ್ಬರೂ ಹಾಜರಿ ತೆಗೆದುಕೊಳ್ಳುವ ನಡುವೆ ಕೇಳಿದ್ದುಂಟು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವ ಹುಡುಗನ ಕೈಯಲ್ಲಿ ನಾಲ್ಕು ಅಡಿ ಉದ್ದದ ರಟ್ಟಿನ ಕೊಳವೆ ಕಂಡರೆ ಯಾರಿಗಾದರೂ ಕುತೂಹಲ ಹುಟ್ಟುವುದು ಸಹಜವೇ. ಆದರೆ ಕೇಳುವವರ ತುಟಿಯ ಮೇಲೆ ಒಂದು ಸಣ್ಣ ನಗೆಯೂ ಇರುತ್ತದೆ. ಆ ನಗೆಯ ತಾತ್ಪರ್ಯವಿಷ್ಟೇ: ರಾಕೆಟ್ಟು ಸಾಯನ್ಸಿನವರ ಸ್ವತ್ತು, ಕಲಾ ವಿಭಾಗದವರು ಅದರ ಬಗ್ಗೆ ಹೆಚ್ಚೆಂದರೆ ಒಂದು ಪ್ರಬಂಧ ಬರೆಯಬಹುದು.

ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಕೈಯಿಂದ ಮಾಡಿ ತಿಳಿಯುವ ವಿದ್ಯೆಯಿಂದ ಕಲಾ ಕಾಲೇಜಿನ ವಿದ್ಯಾರ್ಥಿಯನ್ನು ಹೊರಗಿಡುವುದು ಅವನಿಗೆ ಮಾತ್ರವಲ್ಲ, ಅವನು ಓದುವ ಇತಿಹಾಸಕ್ಕೂ ಅನ್ಯಾಯವೆಂದು ನನ್ನ ದೃಢವಾದ ಅಭಿಮತ. ಇದನ್ನು ಬರಿಯ ವಾದದಿಂದ ಸಾಧಿಸುವ ಬದಲು ನಾನು ಮಾಡಿದ ಕೆಲಸವನ್ನೇ ಮುಂದಿಟ್ಟು ಹೇಳುವೆನು. ವಾಚಕರು ತಾಳ್ಮೆಯಿಂದ ಓದಬೇಕಾಗಿ ಪ್ರಾರ್ಥನೆ.

ಮಾದರಿ ರಾಕೆಟ್ಟೆಂದರೆ ದೀಪಾವಳಿಯ ಬಾಣವಲ್ಲ, ಶ್ರೀಹರಿಕೋಟೆಯ ರಾಕೆಟ್ಟೂ ಅಲ್ಲ. ರಟ್ಟು, ಕಟ್ಟಿಗೆ, ಪ್ಲಾಸ್ಟಿಕ್ಕುಗಳಿಂದ ಮಾಡಿದ ಹಗುರವಾದ ಶರೀರ. ಕಾರ್ಖಾನೆಯಲ್ಲಿ ಅಳೆದು ತಯಾರಿಸಿದ ಮೋಟಾರು. ಮೇಲೇರಿದ ಮೇಲೆ ಬಿಚ್ಚಿಕೊಂಡು ಅದನ್ನು ಸಾವಕಾಶವಾಗಿ ನೆಲಕ್ಕಿಳಿಸುವ ಒಂದು ಛತ್ರಿ. ಈ ಮೂರೂ ಕೂಡಿದರೆ ಮಾದರಿ ರಾಕೆಟ್ಟು. ೧೯೫೪ರಲ್ಲಿ ಅಮೇರಿಕೆಯ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಎಂಬಾತನು ಇದನ್ನು ಮೊದಲು ಮಾಡಿದನು. ಅವನ ಉದ್ಯೋಗ ಕೇಳಿದರೆ ನಮ್ಮವರು ಬೆರಗಾಗಬೇಕು: ಅವನದು ಜೋಡಿನ ಅಂಗಡಿ! ೧೯೫೭ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿದಾಗ ಅಲ್ಲಿಯ ಹುಡುಗರು ಕಬ್ಬಿಣದ ಕೊಳವೆಗಳಲ್ಲಿ ತಾವೇ ಮದ್ದು ತುಂಬಿ ಹಾರಿಸಹೋಗಿ ಕೈ ಕಣ್ಣುಗಳನ್ನು ಕಳೆದುಕೊಳ್ಳತೊಡಗಿದರು. ಹ್ಯಾರಿ ಸ್ಟೈನ್ ಎಂಬ ರಾಕೆಟ್ ತಜ್ಞನು ಕಾರ್ಲೈಲನ ವಿಧಾನವನ್ನು ಎತ್ತಿಹಿಡಿದು, ಹುಡುಗರು ಶರೀರವನ್ನಷ್ಟೇ ಮಾಡಲಿ, ಮೋಟಾರನ್ನು ಕಾರ್ಖಾನೆ ಮಾಡಲಿ ಎಂಬ ನಿಯಮವನ್ನು ಬಳಕೆಗೆ ತಂದನು. ಈ ಒಂದು ನಿಯಮದ ಮೇಲೆಯೇ ಈ ಹವ್ಯಾಸವೆಲ್ಲ ನಿಂತಿದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಇದೇ ನನಗೆ ತೊಡಕಾಗುವುದು.

ಮೋಟಾರುಗಳಿಗೆ ಅವು ಕೊಡುವ ಒಟ್ಟು ನೂಕಿಗೆ ತಕ್ಕಂತೆ ಎ, ಬಿ, ಸಿ ಎಂದು ಅಕ್ಷರಗಳನ್ನಿಟ್ಟಿದ್ದಾರೆ. ಎ ವರ್ಗದ್ದು ಹೆಚ್ಚೆಂದರೆ ೨.೫ ನ್ಯೂಟನ್-ಸೆಕೆಂಡು. ಒಂದೊಂದು ಅಕ್ಷರ ಮುಂದೆ ಹೋದಂತೆ ಅದು ಇಮ್ಮಡಿ: ಬಿ ೫, ಸಿ ೧೦, ಡಿ ೨೦, ಇ ೪೦, ಎಫ್ ೮೦, ಜಿ ೧೬೦. ಸಾವುಕಾರನ ಬಡ್ಡಿಯೂ ಇಷ್ಟು ಬೇಗ ಏರಲಾರದು. ಇ, ಎಫ್, ಜಿ ವರ್ಗದವುಗಳನ್ನು ಮಧ್ಯಮ ಶಕ್ತಿಯ ರಾಕೆಟ್ಟುಗಳೆನ್ನುತ್ತಾರೆ. ಇವು ತೆಳು ಕಾಗದದ ಆಟಿಗೆಗಳಲ್ಲ; ಒಂದು ಕಿಲೋ ತೂಕದ ವಸ್ತುವನ್ನು ಮುನ್ನೂರು, ನಾನೂರು ಮೀಟರು ಎತ್ತರಕ್ಕೆ ಒಯ್ಯಬಲ್ಲವು. ಆದುದರಿಂದ ಇವುಗಳ ಶರೀರ ಗಟ್ಟಿಯಾಗಿರಬೇಕು.

ಇಂಥ ರಾಕೆಟ್ಟಿನ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ಜೋಡಿಸುವ ಕ್ರಮವನ್ನು ಅಚ್ಚು ಹಾಕಿಸಿ ಮಾರುವ ಕಂಪನಿಗಳು ಹೊರದೇಶಗಳಲ್ಲಿವೆ. ಆ ಪೆಟ್ಟಿಗೆಯೇ ಕಿಟ್ಟು. ವ್ಯಾಪಾರವೆಂದ ಮೇಲೆ ಲಾಭವಿಲ್ಲದ ದಿನ ಅಂಗಡಿ ಮುಚ್ಚುವುದೂ ಇದ್ದದ್ದೇ. ಮಧ್ಯಮ ಶಕ್ತಿಯ ಕಿಟ್ಟುಗಳನ್ನು ೧೯೭೦ರ ದಶಕದ ಆರಂಭದಲ್ಲಿಯೇ ತಂದ ಎನರ್ಜೆಟ್ ಕೆಲವೇ ವರುಷ ಬಾಳಿತು. ಅದರ ಒಡೆತನ ಹೊಂದಿದ್ದ ಸೆಂಚುರಿ ಕಂಪನಿಯೂ ೧೯೮೦ರ ದಶಕದಲ್ಲಿ ಕಣ್ಮರೆಯಾಯಿತು. ಆದರೆ ಆ ಕಿಟ್ಟುಗಳ ನಕ್ಷೆಗಳನ್ನು ಹವ್ಯಾಸಿಗಳು ಎಸೆಯಲಿಲ್ಲ. ರೆಕ್ಕೆಯ ಆಕಾರ, ಕೊಳವೆಯ ಉದ್ದ, ಮೂಗಿನ ಇಳಿಜಾರು ಎಲ್ಲವನ್ನೂ ಅಳೆದು ಬರೆದಿಟ್ಟು, ಇಂದಿಗೂ ತಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕಟ್ಟುತ್ತಿದ್ದಾರೆ. ಕಂಪನಿ ನಿಲ್ಲಿಸಿದ್ದು ಪೆಟ್ಟಿಗೆಯನ್ನು. ಅಳತೆಯನ್ನು ನಿಲ್ಲಿಸಲು ಯಾವ ಕಂಪನಿಗೂ ಸಾಧ್ಯವಿಲ್ಲ.

ಮೂರು ಅಂಗುಲ ವ್ಯಾಸದ, ಮೂರು ರೆಕ್ಕೆಯ ಅಂಥದೊಂದು ಹಳೆಯ ಕಿಟ್ಟಿನ ನಕ್ಷೆ ನನ್ನ ಕೈಗೆ ಬಂದಿತು. ಈಗ ಮಾರಾಟಕ್ಕಿರುವ ಕಿಟ್ಟುಗಳ ಬೆಲೆ, ಸಾಗಾಣಿಕೆ, ಸುಂಕಗಳನ್ನು ಕೂಡಿಸಿ ನೋಡಿದಾಗ ಅದು ನಮ್ಮ ಮನೆಯ ಒಂದು ತಿಂಗಳ ಕಿರಾಣಿ ಖರ್ಚನ್ನು ಮೀರುತ್ತಿತ್ತು. ಹೀಗಿರಲು ಮಾರಾಟಕ್ಕಿಲ್ಲದ ಕಿಟ್ಟೇ ನನಗೆ ಅನುಕೂಲವಾಯಿತೆಂದರೆ ವಾಚಕರು ನಗಬಾರದು. ಕೊಳ್ಳುವ ಆಸೆಯೇ ಇಲ್ಲವಾದ ಮೇಲೆ ಮಾಡುವುದೊಂದೇ ಉಳಿಯುತ್ತದಷ್ಟೆ.

ಕೊಳವೆ ದೊರೆತದ್ದು ಹುಮನಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ. ಬಟ್ಟೆಯ ಥಾನನ್ನು ಸುತ್ತಿ ತರುವ ರಟ್ಟಿನ ಕೊಳವೆಯನ್ನು ಥಾನು ಮುಗಿದ ಮೇಲೆ ಹೊರಗೆಸೆಯುತ್ತಾರೆ. ಹೊರಗಿನ ವ್ಯಾಸ ೭೬ ಮಿಲಿಮೀಟರು, ಗೋಡೆಯ ದಪ್ಪ ೨ ಮಿಲಿಮೀಟರು. ಕಿಟ್ಟಿನ ಮೂಲ ಕೊಳವೆಗಿಂತ ಭಾರ, ಆದರೆ ಅದಕ್ಕಿಂತ ಗಟ್ಟಿ. ಅಂಗಡಿಯ ಸಾಹುಕಾರರು ಕಾಸು ತೆಗೆದುಕೊಳ್ಳಲಿಲ್ಲ. "ಇದರಾಗ ಏನ್ ತುಂಬ್ತಿ ತಮ್ಮಾ?" ಎಂದು ಮಾತ್ರ ಕೇಳಿದರು. "ಗಾಳಿ ತುಂಬ್ತೀನ್ರಿ ಕಾಕಾ" ಎಂದೆನು. ಒಳ್ಳೆಯ ಗಿರಾಕಿ ಸಿಕ್ಕನೆಂದು ನಕ್ಕರು.

ಈ ವ್ಯಾಸದ ಬಗ್ಗೆ ಒಂದು ಮಾತು. ತುಂಬಾದಿಂದ ೧೯೬೩ರ ನವೆಂಬರ್ ೨೧ರಂದು ಮೊದಲು ಹಾರಿದ್ದು ಅಮೇರಿಕೆಯಿಂದ ಬಂದ ನೈಕಿ-ಅಪಾಚೆ. ನಾಲ್ಕು ವರುಷಗಳ ಬಳಿಕ, ೧೯೬೭ರಲ್ಲಿ, ನಮ್ಮವರೇ ಮಾಡಿದ ಮೊದಲ ರೋಹಿಣಿ ರಾಕೆಟ್ಟು ಹಾರಿತು. ಅದರ ಹೆಸರು ಆರ್‌ಎಚ್-೭೫; ಆ ೭೫ ಅದರ ವ್ಯಾಸ, ಮಿಲಿಮೀಟರುಗಳಲ್ಲಿ. ಅಂದರೆ ಹುಮನಾಬಾದಿನ ಥಾನಿನ ಕೊಳವೆ ರೋಹಿಣಿಗಿಂತ ಒಂದು ಮಿಲಿಮೀಟರು ದಪ್ಪವೇ! ಒಳಗಿನ ಸತ್ವದಲ್ಲಿ ಎರಡಕ್ಕೂ ಅಜಗಜಾಂತರವೆಂಬುದನ್ನು ನಾನು ಬಲ್ಲೆ. ಆದರೂ ಕೊಳವೆಯನ್ನು ಹೆಗಲ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದ ಆ ಸಂಜೆ ನನ್ನ ನಡಿಗೆ ತುಸು ಬದಲಾಗಿದ್ದಿರಬೇಕು.

ರೆಕ್ಕೆಗಳ ವಿಷಯಕ್ಕೆ ಬರುತ್ತೇನೆ. ರಾಕೆಟ್ಟಿನ ಬಾಳು ರೆಕ್ಕೆಯಲ್ಲಿದೆ. ಹಳೆಯ ನಕ್ಷೆಯಲ್ಲಿ ರೆಕ್ಕೆಗಳನ್ನು ಕೊಳವೆಯ ಮೈಮೇಲೆ ಅಂಟಿಸಿರೆಂದು ಇದೆ. ನಮ್ಮ ತಂದೆಯವರು ಹೆದ್ದಾರಿಯ ಬದಿಯ ಒಂದು ಗ್ಯಾರೇಜಿನಲ್ಲಿ ಲಾರಿಗಳ ಕಟ್ಟಿಗೆಯ ಬಾಡಿ ಕಟ್ಟುವ ಕೆಲಸ ಮಾಡುತ್ತಾರೆ. ಅವರು ಶಾಲೆಗೆ ಹೋದದ್ದು ಮೂರು ವರುಷ. ಇಂಗ್ಲಿಷಿನ ಆ ನಕ್ಷೆಯ ಒಂದಕ್ಷರವನ್ನೂ ಓದಲಾರರು. ರಾತ್ರಿ ಊಟವಾದ ಮೇಲೆ ಚಿತ್ರವನ್ನು ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಳಿಕ ರೆಕ್ಕೆಯ ಬುಡದ ಮೇಲೆ ಬೆರಳಿಟ್ಟು, "ಮೇಲೆ ಹಚ್ಚಿದ್ದು ಕಿತ್ತು ಬರ್ತದ. ಒಳಗ ಹೊಕ್ಕದ್ದು ನಿಲ್ತದ" ಎಂದರು. ಲಾರಿಯ ಫಳಿಯನ್ನು ಅವರು ಕೂರಿಸುವುದೂ ಹಾಗೆಯೇ: ಮರದಲ್ಲಿ ಗಾಡಿ ಹೊಡೆದು, ಫಳಿಯನ್ನು ಅದರೊಳಗೆ ಇಳಿಸಿ. ನಾನು ಮುಂದೆ ಓದಿ ನೋಡಿದಾಗ, ಇಂದಿನ ಮಧ್ಯಮ ಶಕ್ತಿಯ ರಾಕೆಟ್ಟುಗಳನ್ನೆಲ್ಲ ಬಹುಮಟ್ಟಿಗೆ ಹೀಗೆಯೇ ಕಟ್ಟುತ್ತಾರೆ. ಹೊರ ಕೊಳವೆಯಲ್ಲಿ ಉದ್ದನೆಯ ಸೀಳು ಕೊಯ್ದು, ರೆಕ್ಕೆಯ ಬುಡವನ್ನು ಅದರಲ್ಲಿ ತೂರಿಸಿ, ಒಳಗಿರುವ ಮೋಟಾರಿನ ಕೊಳವೆಗೆ ತಾಗಿಸಿ ಅಂಟಿಸುವರು. ವಿದೇಶದ ಹವ್ಯಾಸಿಗಳಿಗೆ ಹತ್ತಾರು ವರುಷಗಳ ಅನುಭವ ಕಲಿಸಿದ್ದನ್ನು ನಮ್ಮ ತಂದೆಯವರು ಅರ್ಧ ಗಂಟೆಯಲ್ಲಿ ಹೇಳಿದರು. ಅವರಿಗೆ ಡಿಗ್ರಿ ಇಲ್ಲ. ನಮ್ಮ ವಂಶದಲ್ಲಿ ಡಿಗ್ರಿಯ ಬಾಗಿಲವರೆಗೆ ಬಂದವನು ನಾನೊಬ್ಬನೇ. ಹೀಗಿದ್ದೂ ಆ ರಾತ್ರಿ ಕಲಿಸಿದವರಾರು, ಕಲಿತವರಾರು ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಗ್ಯಾರೇಜಿನಲ್ಲಿ ಉಳಿದ ೪ ಮಿಲಿಮೀಟರಿನ ಪ್ಲೈವುಡ್ಡಿನ ತುಂಡುಗಳಿಂದ ಮೂರು ರೆಕ್ಕೆ ಕೊಯ್ದೆ. ಮೇಲ್ಪದರದ ಎಳೆ ರೆಕ್ಕೆಯ ಮುಂದಂಚಿಗೆ ಸಮಾನಾಂತರವಾಗಿರಬೇಕು, ಅಡ್ಡವಾದರೆ ರೆಕ್ಕೆ ಮುರಿಯುತ್ತದೆ. ಮೂರು ರೆಕ್ಕೆಗಳ ಸ್ಥಾನ ಗುರುತಿಸಲು ಯಾವ ಯಂತ್ರವೂ ಬೇಡ: ಕೊಳವೆಯ ಸುತ್ತ ಕಾಗದದ ಪಟ್ಟಿ ಸುತ್ತಿ, ಸುತ್ತಳತೆ ೨೩೯ ಮಿಲಿಮೀಟರು ಬಂದುದನ್ನು ಮೂರು ಮಡಿಕೆ ಮಾಡಿ, ಮಡಿಕೆ ಬಿದ್ದಲ್ಲಿ ಚುಕ್ಕೆ ಇಟ್ಟರಾಯಿತು. ಉದ್ದಕ್ಕೆ ನೇರ ಗೆರೆ ಎಳೆಯಲು ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕೊಳವೆಯನ್ನು ಒತ್ತಿ ಹಿಡಿದು ಪೆನ್ಸಿಲು ಓಡಿಸಬೇಕು. ಮೋಟಾರಿಗಾಗಿ ೨೯ ಮಿಲಿಮೀಟರು ಒಳವ್ಯಾಸದ ಕೊಳವೆಯನ್ನು ಕಂದು ಕಾಗದಕ್ಕೆ ಅಂಟು ಹಚ್ಚಿ ಸುತ್ತಿ ಸುತ್ತಿ ನಾನೇ ಮಾಡಿದೆನು. ಅದನ್ನು ಹೊರ ಕೊಳವೆಯ ನಟ್ಟನಡುವೆ ನಿಲ್ಲಿಸಲು ಪ್ಲೈವುಡ್ಡಿನ ಎರಡು ಬಳೆಗಳು. ಕಟ್ಟಿಗೆಗೂ ಕಾಗದಕ್ಕೂ ಫೆವಿಕಾಲು ಸಾಕು; ಭಾರ ಬೀಳುವ ರೆಕ್ಕೆಯ ಬುಡಕ್ಕೆ, ಒಳಗೂ ಹೊರಗೂ, ಅರಾಲ್ಡೈಟು.

ಇಷ್ಟು ಗಟ್ಟಿತನ ಯಾರ ಭಯಕ್ಕೆಂದರೆ, ನಮ್ಮ ನೆಲದ ಭಯಕ್ಕೆ. ಹುಲ್ಲುಗಾವಲಿನಲ್ಲಿ ಇಳಿಯುವ ರಾಕೆಟ್ಟಿಗೂ ಬೀದರ ಜಿಲ್ಲೆಯ ಎರೆ ಹೊಲದಲ್ಲಿ ಇಳಿಯುವ ರಾಕೆಟ್ಟಿಗೂ ವ್ಯತ್ಯಾಸವಿದೆ. ತೊಗರಿ ಕೊಯ್ದ ಮೇಲೆ ಬೇಸಗೆಯಲ್ಲಿ ಆ ನೆಲ ಬಾಯಿ ಬಿಡುತ್ತದೆ, ಹೆಂಟೆಗಳು ಕಲ್ಲಾಗುತ್ತವೆ. ತೆಳು ರೆಕ್ಕೆ ಮೊದಲ ಇಳಿತಕ್ಕೇ ಮುಗಿಯಿತು.

ಮೂಗನ್ನು ಲಟ್ಟಣಿಗೆ, ಮಂಚದ ಕಾಲುಗಳನ್ನು ಕಡೆಯುವವರೊಬ್ಬರು ಮಾವಿನ ಕಟ್ಟಿಗೆಯಲ್ಲಿ ಕಡೆದುಕೊಟ್ಟು, ಒಳಗನ್ನು ಕೊರೆದು ಹಗುರ ಮಾಡಿದರು. ಇಳಿಸುವ ಛತ್ರಿ ನಿಜವಾದ ಛತ್ರಿಯದೇ: ಕಡ್ಡಿ ಮುರಿದ ಹಳೆಯ ಕೊಡೆಯ ಬಟ್ಟೆ, ಎಂಟು ಮೂಲೆಗೆ ಎಂಟು ನೈಲಾನ್ ದಾರ. ದರ್ಜಿಯ ಅಂಗಡಿಯ ಅಗಲ ಇಲಾಸ್ಟಿಕ್ಕು ಮೂಗನ್ನೂ ಶರೀರವನ್ನೂ ಬಿಡದಂತೆ ಬಂಧಿಸಿದೆ. ಒಟ್ಟು ಉದ್ದ ೧೨೨ ಸೆಂಟಿಮೀಟರು, ಮೋಟಾರಿಲ್ಲದೆ ತೂಕ ೭೮೦ ಗ್ರಾಂ, ಖರ್ಚು ಏಳುನೂರು ರೂಪಾಯಿಯ ಒಳಗೆ.

ಇನ್ನು ಲೆಕ್ಕದ ಮಾತು. ರಾಕೆಟ್ಟು ನೆಟ್ಟಗೆ ಹಾರಬೇಕಾದರೆ ಅದರ ತೂಕದ ಕೇಂದ್ರವು ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದೆ, ಮೂಗಿನ ಕಡೆಗೆ, ಕನಿಷ್ಠ ಒಂದು ವ್ಯಾಸದಷ್ಟು ದೂರದಲ್ಲಿರಬೇಕು. ಇಲ್ಲದಿದ್ದರೆ ಅದು ಹಾವಿನಂತೆ ಹೊರಳಿ ಹಾರಿಸಿದವನ ಕಡೆಗೇ ಬರುವುದು. ತೂಕದ ಕೇಂದ್ರವನ್ನು ಬೆರಳ ಮೇಲೆ ತೂಗಿ ನೋಡಬಹುದು. ಒತ್ತಡದ ಕೇಂದ್ರವನ್ನು ಲೆಕ್ಕ ಹಾಕುವ ಸುಲಭ ಸೂತ್ರಗಳನ್ನು ೧೯೬೦ರ ದಶಕದಲ್ಲಿ ಜೇಮ್ಸ್ ಬ್ಯಾರೋಮನ್ ಎಂಬಾತನು ಕೊಟ್ಟನು. ಕೂಡಿಸು, ಗುಣಿಸು, ಭಾಗಿಸು, ವರ್ಗಮೂಲ. ಇಷ್ಟು ಬಲ್ಲವನಿಗೆ ಅವು ದಕ್ಕುತ್ತವೆ. ನಮ್ಮ ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರದ ಪತ್ರಿಕೆ ಇದಕ್ಕಿಂತ ಕಠಿಣ. ನನ್ನ ರಾಕೆಟ್ಟಿನ ಒತ್ತಡದ ಕೇಂದ್ರ ಮೂಗಿನ ತುದಿಯಿಂದ ೮೬ ಸೆಂಟಿಮೀಟರಿಗೆ ಬಂದಿತು. ಮೋಟಾರಿನ ಬದಲು ೧೨೫ ಗ್ರಾಂ ಉಸುಕು ತುಂಬಿದ ಕೊಳವೆಯನ್ನು ಹಿಂದೆ ಕೂರಿಸಿ ತೂಗಿದರೆ ತೂಕದ ಕೇಂದ್ರ ೭೩ ಸೆಂಟಿಮೀಟರಿನಲ್ಲಿ ನಿಂತಿತು. ಅಂತರ ೧೩ ಸೆಂಟಿಮೀಟರು, ಒಂದೂವರೆ ವ್ಯಾಸಕ್ಕೂ ಮಿಗಿಲು. ಬಳಿಕ ಆ ಕೇಂದ್ರಕ್ಕೆ ದಾರ ಕಟ್ಟಿ, ಕಾಲೇಜಿನ ಮೈದಾನದಲ್ಲಿ ತಲೆಯ ಸುತ್ತ ಗರಗರ ತಿರುಗಿಸಿದಾಗ ಅದು ಮೂಗು ಮುಂದೆ ಮಾಡಿ ಬಾಣದಂತೆ ಓಡಿತು. ನೋಡುತ್ತ ನಿಂತ ಇತಿಹಾಸದ ಸಹಪಾಠಿಯೊಬ್ಬ, "ಹಂಗಾದ್ರ ಟೀಪೂನ ರಾಕೆಟ್ಟಿಗೆ ಬಿದಿರಿನ ಕೋಲು ಇದಕ್ಕೇ ಏನಲೇ?" ಎಂದು ಕೇಳಿದ.

ಮೂರು ವರುಷದ ಇತಿಹಾಸದ ತರಗತಿಗಳಲ್ಲಿ ನಾನು ಕೇಳಿದ ಉತ್ತಮ ಪ್ರಶ್ನೆಗಳಲ್ಲಿ ಇದೊಂದು. ಮೈಸೂರಿನ ರಾಕೆಟ್ಟುಗಳ ಬಗ್ಗೆ ಭಾಷಣಗಳಿಗೆ ನಮ್ಮಲ್ಲಿ ಬರವಿಲ್ಲ. ೧೭೮೦ರ ಪೊಳ್ಳಿಲೂರು ಕದನದಲ್ಲಿ ಅವು ಇಂಗ್ಲಿಷರನ್ನು ಕಂಗೆಡಿಸಿದವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವನು ಅವುಗಳ ಜಾಡಿನಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದನು. ೧೮೦೭ರಲ್ಲಿ ಅವು ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. ಇಷ್ಟನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇವೆ. ಆದರೆ ಆ ಕೊಳವೆ ಕಾಗದದ್ದಲ್ಲದೆ ಕಬ್ಬಿಣದ್ದೇಕೆ? ಒಳಗಿನ ಮದ್ದನ್ನು ಹೆಚ್ಚು ಒತ್ತಿ ತುಂಬಿ, ಹೆಚ್ಚು ಒತ್ತಡದಲ್ಲಿ ಉರಿಸಿದರೂ ಒಡೆಯಬಾರದೆಂದು. ಹಾಗೆ ಉರಿದುದರಿಂದಲೇ ಅವು ಒಂದು ಕಿಲೋಮೀಟರಿಗೂ ಮೀರಿ ಹೋಗುತ್ತಿದ್ದವು. ಇಂಗ್ಲೆಂಡಿನ ವುಲ್ವಿಚ್ಚಿನಲ್ಲಿ ಉಳಿಸಿಟ್ಟಿದ್ದ ಒಂದು ಮಾದರಿಯಲ್ಲಿ ಎಂಟು ಅಂಗುಲಕ್ಕೆ ತುಸು ಕಡಿಮೆ ಉದ್ದದ ಕಬ್ಬಿಣದ ಕೊಳವೆಗೆ ಆರು ಅಡಿ ಮೂರು ಅಂಗುಲದ ಬಿದಿರು! ಕೊಳವೆಗಿಂತ ಒಂಬತ್ತು ಪಾಲು ಉದ್ದದ ಆ ಕೋಲು ಸುಮ್ಮನೆ ಹಿಡಿಕೆಯಲ್ಲ. ನನ್ನ ಮೂರು ಪ್ಲೈವುಡ್ಡಿನ ರೆಕ್ಕೆ ಮಾಡುವ ಕೆಲಸವನ್ನು ಅದು ಮಾಡುತ್ತಿತ್ತು. ದಾರ ಕಟ್ಟಿ ತಿರುಗಿಸಿ ನೋಡದವನಿಗೆ ಈ ಅಳತೆ ಬರಿಯ ಅಂಕೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ೨೦೧೮ರ ಜುಲೈ ತಿಂಗಳಲ್ಲಿ ಪಾಳುಬಾವಿಯೊಂದನ್ನು ತೋಡಿದಾಗ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ೨೦೦೨ರಲ್ಲಿಯೂ ಅಲ್ಲಿ ಕೆಲವು ಸಿಕ್ಕಿದ್ದುವು. ಪತ್ರಿಕೆಗಳು ದೊಡ್ಡಕ್ಷರದಲ್ಲಿ ಬರೆದವು, ನಾವು ಹೆಮ್ಮೆಪಟ್ಟೆವು. ನಿಲ್ಲಿಸಿದ ಕಿಟ್ಟೆಂದರೆ ಇದಕ್ಕಿಂತ ದೊಡ್ಡದು ಕನ್ನಡನಾಡಿನಲ್ಲಿ ಯಾವುದಿದೆ? ಬಾವಿಯಲ್ಲಿ ಎರಡು ಶತಮಾನ ಮಲಗಿದ್ದ ಆ ಕೊಳವೆಗಳ ಉದ್ದವೆಷ್ಟು, ಬಾಯಿಯ ರಂಧ್ರವೆಷ್ಟು, ಕಬ್ಬಿಣದ ತಗಡನ್ನು ಹೇಗೆ ಮಡಿಸಿ ಬೆಸೆದರು ಎಂದು ಕುಲುಮೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವ ಇತಿಹಾಸದ ತರಗತಿ ಎಷ್ಟು ಕಾಲೇಜುಗಳಲ್ಲಿದೆ? ಹೆಮ್ಮೆಗೆ ಅಳತೆಪಟ್ಟಿ ಬೇಕಾಗಿಲ್ಲ, ತಿಳಿವಳಿಕೆಗೆ ಬೇಕು.

ಕಲ್ಯಾಣದಲ್ಲಿ ಕೂತು ಈ ಮಾತನ್ನು ಹೇಳಬೇಕಾಗಿ ಬಂದುದೇ ಸೋಜಿಗ. ಈ ಊರಿನ ಅನುಭವ ಮಂಟಪದಲ್ಲಿ ಬಿದಿರಿನ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ತಮ್ಮ ತಮ್ಮ ಕಾಯಕ ಬಿಡದೆ ತತ್ತ್ವವನ್ನು ಆಡಿದರೆಂದು ನಾವು ಓದುತ್ತೇವೆ. ಬಸವ ಜಯಂತಿಯ ದಿನ ವೇದಿಕೆಯ ಮೇಲೆ ಹೇಳುತ್ತೇವೆ. ಮರುದಿನ ಕೈಗೆ ಅಂಟು ಮೆತ್ತಿಕೊಂಡು ತರಗತಿಗೆ ಬಂದವನನ್ನು ನೋಡಿ ನಗುತ್ತೇವೆ. ನಮ್ಮಲ್ಲಿ ಬಹುಮಂದಿ ಬಡಗಿಗಳ, ಕಮ್ಮಾರರ, ಗೌಂಡಿಗಳ, ಹಮಾಲರ, ಒಕ್ಕಲಿಗರ ಮಕ್ಕಳು. ಓದು ಬಂದಂತೆಲ್ಲ ಅಪ್ಪನ ಕೈಕಸುಬನ್ನು ಮರೆಯುವುದೇ ವಿದ್ಯಾವಂತಿಕೆಯ ಗುರುತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ; ಪೆನ್ನು ಹಿಡಿದ ಕೈ ಉಳಿ ಹಿಡಿಯಬಾರದೆಂದು. ಯಾರು ಈ ಶಾಸ್ತ್ರ ಬರೆದರೋ!

ಮನೆಯವರ ಪ್ರಶ್ನೆ ಬೇರೆ, ಅದಕ್ಕೆ ಗೌರವದಿಂದ ಉತ್ತರ ಕೊಡಬೇಕು. "ಇದರಿಂದ ನೌಕರಿ ಸಿಗ್ತದೇನಪ್ಪಾ?" ಎಂದು ಅವ್ವ ಕೇಳಿದಾಗ ಅದು ನಗೆಯಲ್ಲ, ದಿಗಿಲು. ಸಿಗುವುದಿಲ್ಲ ಎಂದೇ ಹೇಳಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಬದಿಗಿಟ್ಟು ನಾನು ಇದನ್ನು ಮಾಡಿಲ್ಲವೆಂಬುದಕ್ಕೆ ನಾಲ್ಕನೆಯ ಸೆಮಿಸ್ಟರಿನ ಅಂಕಪಟ್ಟಿ ಸಾಕ್ಷಿ. ಭಾನುವಾರಗಳಷ್ಟೇ ಹೋಗಿವೆ.

ಈಗ ತೊಡಕಿನ ಮಾತು. ರಾಕೆಟ್ಟು ಸಿದ್ಧವಾಗಿದೆ, ಹಾರಿಲ್ಲ. ಅದಕ್ಕೆ ಬೇಕಾದ ಎಫ್ ಅಥವಾ ಜಿ ವರ್ಗದ ಮೋಟಾರು ನಮ್ಮ ಊರುಗಳ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಸ್ಫೋಟಕವಾದುದರಿಂದ ಹೊರದೇಶದಿಂದ ಸಾಮಾನ್ಯ ಅಂಚೆಯಲ್ಲಿ ತರಿಸುವಂತೆಯೂ ಇಲ್ಲ. ಗೆಳೆಯರ ಸಲಹೆ ಸುಲಭವಾದದ್ದು: ದೀಪಾವಳಿಯ ಮದ್ದನ್ನು ಬಿಚ್ಚಿ ತುಂಬು, ಪೈಪಿನಲ್ಲಿ ಬೆಂಕಿಕಡ್ಡಿಯ ತಲೆಗಳನ್ನು ಜಜ್ಜಿ ತುಂಬು, ಸಕ್ಕರೆಯನ್ನು ಕಾಯಿಸಿ ತುಂಬು. ಮೊಬೈಲಿನಲ್ಲಿ ಎಲ್ಲದಕ್ಕೂ ಚಿತ್ರಸಹಿತ ಪಾಠವಿದೆಯಂತೆ. "ಅಂಜುಬುರುಕ" ಎಂಬ ಬಿರುದೂ ನನಗೆ ಬಂದಿದೆ.

ಅಂಜುತ್ತೇನೆ, ನಿಜ. ಆಟಂಬಾಂಬಿನ ಮದ್ದು ಉರಿಯುವುದಕ್ಕಾಗಿ ಮಾಡಿದ್ದಲ್ಲ, ಒಮ್ಮೆಲೇ ಸಿಡಿಯುವುದಕ್ಕಾಗಿ ಮಾಡಿದ್ದು. ರಾಕೆಟ್ಟಿನ ಮೋಟಾರಿನಲ್ಲಿ ಮದ್ದು ಪದರಪದರವಾಗಿ, ಅಳೆದ ಹೊತ್ತಿನಲ್ಲಿ ಉರಿಯಬೇಕು. ಗಟ್ಟಿಯಾಗಿ ಅಚ್ಚಾದ ಮದ್ದಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಬೆಂಕಿ ಅದರೊಳಗೆ ಹೊಕ್ಕು ಒತ್ತಡ ಕ್ಷಣದಲ್ಲಿ ಏರಿ ಕೊಳವೆ ಒಡೆಯುತ್ತದೆ. ಕೊಳವೆ ಲೋಹದ್ದಾದರೆ ಅದು ಬಾಂಬು, ಬೇರೆ ಹೆಸರಿಲ್ಲ. ಮೇಲಾಗಿ ೧೮೮೪ರ ಸ್ಫೋಟಕಗಳ ಕಾಯಿದೆ, ೨೦೦೮ರ ನಿಯಮಗಳ ಪ್ರಕಾರ ಪರವಾನಿಗೆಯಿಲ್ಲದೆ ಇಂಥದನ್ನು ತಯಾರಿಸುವುದು ಅಪರಾಧ. ಮೊದಲ ಪೀಳಿಗೆಯ ಪದವೀಧರನಾಗಲು ಹೊರಟವನ ಮೇಲೆ ಒಂದು ಪೊಲೀಸು ಕೇಸು ಬಿದ್ದರೆ ಮುಗಿಯುವುದು ಅವನೊಬ್ಬನ ನೌಕರಿಯಲ್ಲ. ಆ ಓಣಿಯ ಹತ್ತು ಮನೆಯವರು ತಮ್ಮ ಹುಡುಗರ ಕಾಲೇಜು ಬಿಡಿಸುತ್ತಾರೆ. ಆಕಾಶವೂ ನಮ್ಮೊಬ್ಬರದಲ್ಲ. ಬೀದರಿನ ವಾಯುಪಡೆಯ ನಿಲ್ದಾಣದಲ್ಲಿ ಚಾಲಕರ ತರಬೇತಿ ನಡೆಯುತ್ತದೆ. ಹೊಲದಲ್ಲಿ ನಿಂತು ತಲೆ ಎತ್ತಿದರೆ ಜೆಟ್ ವಿಮಾನ ಕಾಣುವ ಸೀಮೆ ನಮ್ಮದು. ಸಂಬಂಧಪಟ್ಟವರ ಅನುಮತಿಯಿಲ್ಲದೆ ಅಲ್ಲಿಗೆ ಒಂದು ಕಿಲೋ ಕಟ್ಟಿಗೆಯನ್ನು ಕಳಿಸಲು ನನಗೆ ಅಧಿಕಾರವಿಲ್ಲ.

ಹಾಗೆಂದು ಎಲ್ಲವನ್ನೂ ನಿಷೇಧಿಸಿ ಕೈತೊಳೆದುಕೊಳ್ಳುವ ಹಿರಿಯರ ಪಕ್ಷವನ್ನೂ ನಾನು ಸೇರಲಾರೆ. ನಿಷೇಧದಿಂದ ಹುಡುಗರ ಆಸೆ ಸಾಯುವುದಿಲ್ಲ. ಮೈದಾನದಿಂದ ಊರ ಹೊರಗಿನ ಹಳ್ಳಕ್ಕೆ ಹೋಗುತ್ತದೆ, ಅಲ್ಲಿ ನೋಡುವವರಿರುವುದಿಲ್ಲ. ಅಮೇರಿಕೆಯಲ್ಲಿ ೧೯೫೭ರಲ್ಲಿ ಆದದ್ದೇ ಇದು. ಅಲ್ಲಿಯವರು ಹುಡುಗರನ್ನು ಗದರಿಸಿ ಸುಮ್ಮನಾಗದೆ, ಸುರಕ್ಷಿತವಾದ ಮೋಟಾರನ್ನು ಅವರ ಕೈಗೆ ಕೊಡುವ ವ್ಯವಸ್ಥೆ ಮಾಡಿದರು. ನಮ್ಮ ದೇಶದಲ್ಲಿಯೂ ದಾರಿ ಇಲ್ಲವೆಂದಿಲ್ಲ. ೨೦೨೫ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕುಶೀನಗರ ಜಿಲ್ಲೆಯಲ್ಲಿ ಇನ್-ಸ್ಪೇಸ್ ಸಂಸ್ಥೆಯವರು ವಿದ್ಯಾರ್ಥಿಗಳಿಗಾಗಿಯೇ ಮಾದರಿ ರಾಕೆಟ್ಟುಗಳ ಸ್ಪರ್ಧೆ ನಡೆಸಿದರು. ಅಂಥ ಕೂಟವನ್ನು ಕಲ್ಯಾಣ ಕರ್ನಾಟಕದಲ್ಲಿ ವರುಷಕ್ಕೊಮ್ಮೆ, ಒಂದು ಬಯಲಿನಲ್ಲಿ, ಬಲ್ಲವರ ಕಣ್ಗಾವಲಿನಲ್ಲಿ ಏರ್ಪಡಿಸಲು ಬರುವುದಿಲ್ಲವೆ? ಮೋಟಾರುಗಳು ಅವರ ಪೆಟ್ಟಿಗೆಯಲ್ಲಿಯೇ ಇರಲಿ, ಕಿಚ್ಚಿಡುವ ಗುಂಡಿ ಅವರ ಕೈಯಲ್ಲಿಯೇ ಇರಲಿ. ನಾವು ಶರೀರವನ್ನು ತರುತ್ತೇವೆ. ಅರ್ಜಿ ನಮೂನೆಯಲ್ಲಿ "ವಿಜ್ಞಾನ ಅಥವಾ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾತ್ರ" ಎಂಬ ಸಾಲೊಂದು ಬಾರದಿದ್ದರೆ ಸಾಕು. ಪ್ರಾಚಾರ್ಯರ ಸಹಿಯುಳ್ಳ ಒಂದು ಪತ್ರ ಇದರ ಸಲುವಾಗಿ ಹೋಗಬೇಕೆಂದು ವಿದ್ಯಾರ್ಥಿ ಸಂಘದ ಮುಖಾಂತರ ಕೇಳಿಕೊಂಡಿದ್ದೇವೆ.

ಅಲ್ಲಿಯವರೆಗೆ ಸುಮ್ಮನೆ ಕೂತಿಲ್ಲ. ಎರಡು ಲೀಟರಿನ ಸೋಡಾ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ನೀರು ತುಂಬಿ, ಬಾಯಿಗೆ ರಬ್ಬರಿನ ಬಿರಡೆ ಜಡಿದು, ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಅದೂ ರಾಕೆಟ್ಟೇ. ಬೆಂಕಿಯಿಲ್ಲ, ಪರವಾನಿಗೆ ಬೇಕಿಲ್ಲ, ನಿಯಮ ಮಾತ್ರ ಅದೇ ನ್ಯೂಟನ್ನನದು. ಹಿಂದೆ ಸರಿದು ನಿಲ್ಲಬೇಕು, ಬಾಟಲಿಯ ಮೇಲೆ ಬಾಗಬಾರದು. ಜನವರಿಯಲ್ಲಿ ಕಾಲೇಜಿನ ಮೈದಾನದಲ್ಲಿ ಹನ್ನೊಂದು ಸಲ ಹಾರಿಸಿದೆವು. ದೂರ ನಿಲ್ಲಿರೆಂಬ ವಿನಂತಿಯನ್ನು ಪಾಲಿಸಿದ ವಿದ್ಯಾರ್ಥಿಗಳು ಒಣಗಿದ ಬಟ್ಟೆಯಲ್ಲಿ ಮನೆಗೆ ಹೋದರು. ಪಾಲಿಸದ ಇಬ್ಬರು ಅಧ್ಯಾಪಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಿ. ಎ. ಮೊದಲ ವರುಷದ ಮೂವರು ಹುಡುಗಿಯರು ಅದಕ್ಕೆ ರಟ್ಟಿನ ರೆಕ್ಕೆ ಕಟ್ಟಿ, ರೆಕ್ಕೆಯಿದ್ದಾಗ ಇಲ್ಲದಾಗ ಆಗುವ ಭೇದವನ್ನು ಬರೆದಿಟ್ಟಿದ್ದಾರೆ. ಆ ಟಿಪ್ಪಣಿ ನನ್ನದಕ್ಕಿಂತ ಅಚ್ಚುಕಟ್ಟಾಗಿದೆ.

ಕಾಲೇಜಿನಿಂದ ನಾವು ಕೇಳುವುದು ಒಂದು ಕೋಣೆಯೂ ಅಲ್ಲ: ಬಳಕೆಯಲ್ಲಿಲ್ಲದ ಒಂದು ಮೇಜು, ಒಂದು ಗರಗಸ, ಗ್ರಾಂ ತೋರಿಸುವ ತಕ್ಕಡಿ, ಶನಿವಾರ ಮಧ್ಯಾಹ್ನ ಬೀಗದ ಕೈ. ಪರೀಕ್ಷೆ ಮುಗಿದರೆ ನಾನು ಈ ಕಾಲೇಜು ಬಿಡುವವನು. ರಾಕೆಟ್ಟನ್ನು ಗ್ರಂಥಾಲಯದ ಕಪಾಟಿನ ಮೇಲೆ ಇಟ್ಟು ಹೋಗುತ್ತೇನೆ, ಗ್ರಂಥಪಾಲಕರು ಒಪ್ಪಿದ್ದಾರೆ. ಮೋಟಾರಿನ ಕೊಳವೆಯ ಬಾಯಿಗೆ ಇಲಿ ಹೋಗದಂತೆ ಬಟ್ಟೆ ತುರುಕಿದ್ದೇನೆ. ರೆಕ್ಕೆಯ ಪೂರ್ಣ ಅಳತೆಯ ನಕ್ಷೆ, ಕೇಂದ್ರಗಳ ಲೆಕ್ಕ, ಅಂಟು ಒಣಗಲು ಹಿಡಿಯುವ ಹೊತ್ತು ಎಲ್ಲವನ್ನೂ ಕನ್ನಡದಲ್ಲಿ ಬರೆದ ನೋಟುಬುಕ್ಕು ಅದರ ಪಕ್ಕದಲ್ಲಿದೆ. ಹುಮನಾಬಾದಿನ ಆ ಸಾಹುಕಾರರು ಇನ್ನೂ ನಾಲ್ಕು ಕೊಳವೆಗಳನ್ನು ತೆಗೆದಿಟ್ಟಿದ್ದಾರೆ. ಮಳೆಗಾಲಕ್ಕೆ ಮುಂಚೆ ಯಾರಾದರೂ ಹೋಗಿ ತರಬೇಕು. ಅಂಗಡಿಯ ಹಿಂದಿನ ಆ ಕೋಣೆ ಸೋರುತ್ತದೆ.